ತಕ್ಕಡಿಯಲ್ಲಿ ಗೆದ್ದು ಕಣದಲ್ಲಿ ಸೋಲುವ ಮಕ್ಕಳು



ಈ ವಾರ್ತಾಪತ್ರಕ್ಕೆ ನಾವು ಇದುವರೆಗೆ ಬರೆದದ್ದು ಎರಡೇ ಸಲ. ಒಮ್ಮೆ ಬೇಸಿಗೆಯ ಪಿಕ್‌ನಿಕ್ಕಿನ ವರದಿ, ಇನ್ನೊಮ್ಮೆ ಊರಿಗೆ ಹೋಗಿ ಬಂದ ಕಥೆ. ಈ ಸಲ ಗಂಡ ಹೆಂಡತಿ ಇಬ್ಬರೂ ಸೇರಿ ಜಗಳ ಕಾಯಲು ಬಂದಿದ್ದೇವೆ. ಜಗಳ ಯಾರ ಮೇಲೆ ಎಂದು ಕೇಳಿದರೆ, ಮೊದಲು ನಮ್ಮ ಮೇಲೆಯೇ. ಆಮೇಲೆ, ಮನ್ನಿಸಬೇಕು, ನಿಮ್ಮಲ್ಲಿ ಕೆಲವರ ಮೇಲೂ.

ಕಳೆದ ಯುಗಾದಿಯ ಪಾಟ್‌ಲಕ್ಕಿಗೆ ಬಂದವರಿಗೆ ನೆನಪಿರಬಹುದು. ಎಲ್ಲರೂ ಸಾಲಿನಲ್ಲಿ ನಿಂತು ಹೋಳಿಗೆ, ಪುಳಿಯೋಗರೆ, ಕೋಸಂಬರಿ ಬಡಿಸಿಕೊಳ್ಳುತ್ತಿದ್ದಾಗ ಹದಿನಾರು ವರ್ಷದ ನಮ್ಮ ಮಗ ಸಭಾಂಗಣದ ಕೊನೆಯ ಸಾಲಿನಲ್ಲಿ ದಪ್ಪ ಸ್ವೆಟರ್ ಹಾಕಿಕೊಂಡು ಕುಳಿತಿದ್ದ. ಕೈಯಲ್ಲಿ ಒಂದು ಕಾಗದದ ಲೋಟ. ಅದು ಕುಡಿಯುವುದಕ್ಕಲ್ಲ, ಉಗುಳುವುದಕ್ಕೆ. ಚೂಯಿಂಗ್ ಗಮ್ ಜಗಿದು, ಬಾಯಲ್ಲಿ ನೀರು ತರಿಸಿಕೊಂಡು ಉಗುಳುತ್ತಿದ್ದರೆ ಮೈಯ ತೂಕ ಇನ್ನಷ್ಟು ಇಳಿಯುತ್ತದೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಮರುದಿನ ಅವನ ಬಾಕ್ಸಿಂಗ್ ಪಂದ್ಯ. ಸಂಘದ ಹಿರಿಯರೊಬ್ಬರು ಬಂದು ವಿಷಯ ಕೇಳಿ ತಿಳಿದು, "ಇಲ್ಲಿ ಹುಟ್ಟಿ ಬೆಳೆದ ಹುಡುಗ, ಎದುರಿಗೆ ಹೋಳಿಗೆ ಇದ್ದರೂ ಮುಟ್ಟೋದಿಲ್ಲ ಅಂದ್ರೆ ಎಂಥ ಸಂಯಮ!" ಎಂದರು. ನಾವು ಉಬ್ಬಿಹೋದೆವು. ಆ ಮಾತನ್ನು ಊರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆವು.

ಮೈಸೂರಿನಿಂದ ಅಮ್ಮ ಮಾತ್ರ ಉಬ್ಬಲಿಲ್ಲ. "ನಮ್ಮ ಕಾಲದಲ್ಲಿ ಗರಡಿಗೆ ಹೋಗೋ ಹುಡುಗರಿಗೆ ಹಾಲು, ಬಾದಾಮಿ, ತುಪ್ಪ ಅಂತ ಕೊಡ್ತಿದ್ರು. ನೀವು ಹೊಡೆದಾಡೋಕೆ ಹೋಗೋ ಮಗೂಗೆ ನೀರೂ ಕೊಡ್ತಿಲ್ಲವಲ್ಲೋ" ಎಂದರು. ಅಮ್ಮನಿಗೆ ಈ ಕಾಲದ ಆಟ ತಿಳಿಯದು ಎಂದು ನಾವು ನಕ್ಕೆವು.

ಮರುದಿನ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇವೆ. ಅವನ ಸಹಜ ತೂಕ 150 ಪೌಂಡ್. ಹತ್ತು ದಿನಗಳಲ್ಲಿ 12 ಪೌಂಡ್ ಇಳಿಸಿದ್ದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊನೆಯ ಎರಡು ದಿನಗಳಲ್ಲಿ, ನೀರು ಬಿಟ್ಟು, ಬೆವರು ಸುರಿಸಿ. ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತು ಸರಿಯಾದ ಸಂಖ್ಯೆ ಬಂದಾಗ ಎಲ್ಲರೂ ಬೆನ್ನು ತಟ್ಟಿದರು. ಮಧ್ಯಾಹ್ನ ಪಂದ್ಯ. ಮೊದಲ ಸುತ್ತು ಚೆನ್ನಾಗಿಯೇ ಇತ್ತು. ಎರಡನೆಯದರಲ್ಲಿ ಮುಖ ಕಾಯಬೇಕಾದ ಕೈಗಳು ಎದೆಯ ಮಟ್ಟಕ್ಕೆ ಇಳಿದವು. ಮೂರನೆಯದರಲ್ಲಿ ಕಾಲುಗಳು ಕೇಳಲಿಲ್ಲ. ಬರುತ್ತಿರುವ ಗುದ್ದನ್ನು ನೋಡುತ್ತ ನೋಡುತ್ತಲೇ ತಿನ್ನುತ್ತಿದ್ದ. ರೆಫರಿ ತಡೆದು ಎಂಟರವರೆಗೆ ಎಣಿಸಿದರು. ಎದುರಾಳಿ ನಮಗೆ ಗೊತ್ತಿದ್ದ ಹುಡುಗನೇ. ಎರಡು ತಿಂಗಳ ಹಿಂದೆ ಅಭ್ಯಾಸದಲ್ಲಿ ಅದೇ ಹುಡುಗನ ಎದುರು ನಮ್ಮವನು ಸಮಸಮವಾಗಿ ಆಡಿದ್ದ. ಆಗ ಇಬ್ಬರೂ ಹೊಟ್ಟೆ ತುಂಬ ಉಂಡಿದ್ದರು.

ವಾಪಸು ಬರುವಾಗ ಕಾರಿನಲ್ಲಿ ಅವನ ಕಾಲಿನ ಸ್ನಾಯು ಹಿಡಿದುಕೊಂಡು ಒದ್ದಾಡಿದ. ಸಂಘದ ಸದಸ್ಯರಾದ ವೈದ್ಯರೊಬ್ಬರಿಗೆ ಫೋನ್ ಮಾಡಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗ ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ?" ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವನಿಗೂ ನೆನಪಿರಲಿಲ್ಲ. ಆ ರಾತ್ರಿ ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿಸಿಕೊಂಡು ಬಂದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಲ್ಲಿಂದ ಈಚೆಗೆ ನಾವು ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡಲೇಬೇಕು ಅನ್ನಿಸಿತು. ಏಕೆಂದರೆ ಈ ಸಂಘದಲ್ಲಿ ಕುಸ್ತಿಗೋ ಬಾಕ್ಸಿಂಗಿಗೋ ಹೋಗುವ ಮಕ್ಕಳು ನಮ್ಮ ಮನೆಯಲ್ಲಿ ಮಾತ್ರ ಇಲ್ಲ.

ಮೊದಲು ಒಂದು ಮಾತು. ಬಾಕ್ಸಿಂಗಿನಲ್ಲಿ ತೂಕದ ವರ್ಗಗಳು ಇರುವುದೇ ಸಣ್ಣವನನ್ನು ದೊಡ್ಡವನಿಂದ ಕಾಪಾಡುವುದಕ್ಕೆ. 130 ಪೌಂಡಿನವನ ಮುಖಕ್ಕೆ 160 ಪೌಂಡಿನವನು ಗುದ್ದಬಾರದು ಎಂಬುದು ಅದರ ಉದ್ದೇಶ. ಆದರೆ ನಡೆಯುವುದೇನು? ದೊಡ್ಡ ಮೈಯವನು ಒಂದು ದಿನದ ಮಟ್ಟಿಗೆ ಸಣ್ಣವನಾಗಿ ಯಂತ್ರದ ಮೇಲೆ ನಿಲ್ಲುತ್ತಾನೆ. ಇಳಿದ ಮರುಕ್ಷಣ ಕುಡಿದು ತಿಂದು ಮತ್ತೆ ದೊಡ್ಡವನಾಗಲು ಹೊರಡುತ್ತಾನೆ. ಎದುರಾಳಿಯೂ ಅದನ್ನೇ ಮಾಡುತ್ತಾನೆ. ಕೊನೆಗೆ ಇಬ್ಬರೂ ಒಂದೇ ಅಳತೆಯವರು, ಇಬ್ಬರೂ ಅರ್ಧ ಜೀವದವರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಯಿತಲ್ಲವೇ?

ಮೈಯೊಳಗೆ ಏನಾಗುತ್ತದೆ ಎಂಬುದನ್ನು ವೈದ್ಯಮಿತ್ರರು ನಮಗೆ ಬಿಡಿಸಿ ಹೇಳಿದರು. ಎರಡು ದಿನಗಳಲ್ಲಿ ಇಳಿಯುವ ತೂಕ ಕೊಬ್ಬಲ್ಲ, ಬಹುಪಾಲು ನೀರು. ಆ ನೀರು ರಕ್ತದಿಂದಲೂ ಹೋಗುತ್ತದೆ. ರಕ್ತ ಕಡಿಮೆಯಾದರೆ ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಸಲ ಬಡಿಯಬೇಕು. ಬೆವರಲು ನೀರಿಲ್ಲದಿದ್ದರೆ ಮೈ ತಣ್ಣಗಾಗುವುದಿಲ್ಲ. ಮೈತೂಕದ ಶೇಕಡ 2ರಷ್ಟು ನೀರು ಕಳೆದುಕೊಂಡರೇ ದಮ್ಮು ಬೇಕಾಗುವ ಆಟಗಳಲ್ಲಿ ಸಾಮರ್ಥ್ಯ ಕುಗ್ಗತೊಡಗುತ್ತದೆ ಎಂಬುದು ಕ್ರೀಡಾವೈದ್ಯರು ಬಹುಮಟ್ಟಿಗೆ ಒಪ್ಪಿದ ಮಾತು. ನಮ್ಮ ಹುಡುಗ ಒಟ್ಟು ಶೇಕಡ 8ರಷ್ಟು ತೂಕ ಕಳೆದುಕೊಂಡಿದ್ದ.

ಇನ್ನು ಊಟ ಬಿಟ್ಟರೆ ಆಗುವುದು ಬೇರೆ. ಅನ್ನ, ರೊಟ್ಟಿ, ಹಣ್ಣುಗಳಿಂದ ಬರುವ ಸಕ್ಕರೆಯ ಅಂಶವನ್ನು ನಮ್ಮ ಸ್ನಾಯುಗಳು ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡುತ್ತವೆ. ಬಿರುಸಾಗಿ ಗುದ್ದುವುದಕ್ಕೆ, ಸರಕ್ಕನೆ ಸರಿಯುವುದಕ್ಕೆ ಅದೇ ಉರುವಲು. ಒಂದೊಂದು ಗ್ರಾಂ ಗ್ಲೈಕೋಜೆನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಅದನ್ನು ಖಾಲಿ ಮಾಡಿದರೆ ತೂಕ ಬೇಗ ಇಳಿಯುತ್ತದೆ ನಿಜ. ಆದರೆ ಒಲೆಯಲ್ಲಿ ಕಟ್ಟಿಗೆಯೇ ಇಲ್ಲದಂತಾಗುತ್ತದೆ. ಅದು ಪೂರ್ತಿ ಮತ್ತೆ ತುಂಬಲು ಚೆನ್ನಾಗಿ ಉಂಡರೂ ಒಂದು ದಿನವಾದರೂ ಬೇಕು. ತೂಕ ನೋಡಿದ ಮೇಲೆ ಗಟಗಟ ಎರಡು ಬಾಟಲಿ ನೀರು ಕುಡಿದರೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆವು. ಹೊಟ್ಟೆಗೆ ಬಿದ್ದ ನೀರು ಆ ಕ್ಷಣವೇ ಸ್ನಾಯುವಿಗೆ ಹೋಗುವುದಿಲ್ಲ. ಉಪ್ಪಿನಂಶ ಇಲ್ಲದಿದ್ದರೆ ಬಹಳಷ್ಟು ಮೂತ್ರವಾಗಿ ಹೊರಟೇ ಹೋಗುತ್ತದೆ.

ಇದರ ಮೇಲೆ ತಲೆಯ ಮಾತು. ಬಾಕ್ಸಿಂಗ್ ಎಂದರೆ ಓಟವಲ್ಲ, ಈಜಲ್ಲ; ತಲೆಗೆ ಪೆಟ್ಟು ಬೀಳುವ ಆಟ. ನೀರು ಬತ್ತಿದ ಮೈಗೆ ಬೀಳುವ ಗುದ್ದು ಮೆದುಳಿಗೆ ಇನ್ನೂ ಅಪಾಯಕಾರಿ ಆಗಬಹುದು ಎಂದು ವೈದ್ಯರು ಬಹುಕಾಲದಿಂದ ಎಚ್ಚರಿಸುತ್ತಿದ್ದಾರೆ. ಅದು ಒತ್ತಟ್ಟಿಗಿರಲಿ, ಕೈ ಇಳಿದವನಿಗೆ, ಕಾಲು ನಿಧಾನವಾದವನಿಗೆ ಹೆಚ್ಚು ಗುದ್ದು ಬೀಳುತ್ತದೆ ಎಂಬುದಕ್ಕೆ ವೈದ್ಯರ ಸಾಕ್ಷಿಯೂ ಬೇಕಿಲ್ಲ. ನಾವು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇವೆ.

ದೊಡ್ಡವರ ಕಥೆ ಕೇಳಿ. ಆಸ್ಕರ್ ಡೆ ಲಾ ಹೋಯಾ ಎಂಬ ಹೆಸರು ಈ ದೇಶದಲ್ಲಿ ಯಾರಿಗೆ ಗೊತ್ತಿಲ್ಲ? 2008ರ ಡಿಸೆಂಬರ್ 6ರಂದು ಲಾಸ್ ವೇಗಸ್‌ನಲ್ಲಿ ಅವರು ಮ್ಯಾನಿ ಪ್ಯಾಕಿಯಾವೊ ಎದುರು ನಿಂತರು. ವರ್ಷಗಟ್ಟಲೆ 154 ಪೌಂಡ್ ಮತ್ತು ಅದಕ್ಕೂ ಮೇಲಿನ ವರ್ಗಗಳಲ್ಲಿ ಹೆಚ್ಚಾಗಿ ಆಡಿದ್ದ ಅವರು ಆ ಪಂದ್ಯಕ್ಕಾಗಿ 147ರ ಮಿತಿಗೆ ಇಳಿಯಬೇಕಿತ್ತು. ಇಳಿದು 145 ತೂಗಿದರು. ಪ್ಯಾಕಿಯಾವೊ ಕೆಳಗಿನ ವರ್ಗದಿಂದ ಮೇಲಕ್ಕೆ ಬಂದವರು, 142 ತೂಗಿದರು. ಎಲ್ಲರೂ ಸಣ್ಣವನಿಗೆ ಪೆಟ್ಟಾಗುತ್ತದೆಂದು ಹೆದರಿದ್ದರು. ಆದರೆ ಕಣಕ್ಕೆ ಇಳಿಯುವ ಹೊತ್ತಿಗೆ ಪ್ಯಾಕಿಯಾವೊ ಅವರ ತೂಕವೇ ತುಸು ಹೆಚ್ಚಿತ್ತು ಎಂದು ವರದಿಯಾಯಿತು. ಉಂಡು ಬಂದವನ ಎದುರು ಬತ್ತಿ ಬಂದವನಿಗೆ ಕೈ ಎತ್ತಲಾಗಲಿಲ್ಲ. ಎಂಟನೆಯ ಸುತ್ತು ಮುಗಿದ ಮೇಲೆ ಡೆ ಲಾ ಹೋಯಾ ಸ್ಟೂಲಿನಿಂದ ಏಳಲಿಲ್ಲ. ಅದೇ ಅವರ ಕೊನೆಯ ಪಂದ್ಯ. ವಯಸ್ಸೂ ಕಾರಣವಿರಬಹುದು, ಪ್ಯಾಕಿಯಾವೊ ಅವರ ಚುರುಕೂ ಕಾರಣ. ಆದರೂ ಜಗತ್ತಿನ ಅತ್ಯುತ್ತಮ ವೈದ್ಯರು, ಅಡುಗೆಯವರು, ತರಬೇತುದಾರರು ಜೊತೆಗಿದ್ದವರಿಗೇ ಹೀಗಾದರೆ, ನಮ್ಮ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕೋಟು ತೊಟ್ಟು ಹಗ್ಗ ಹಾರುವ ಹುಡುಗನ ಪಾಡೇನು?

ನಮ್ಮ ದೇಶದ ಹೆಣ್ಣುಮಕ್ಕಳನ್ನೇ ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಬಾರಿಯ ವಿಶ್ವ ಚಾಂಪಿಯನ್ ನಿಖತ್ ಜರೀನ್ 50 ಕಿಲೋ ವರ್ಗದಲ್ಲಿ ಚೀನಾದ ವೂ ಯೂ ಎದುರು ಆರಂಭದ ಹಂತದಲ್ಲೇ ಸೋತರು. ತೂಕಕ್ಕಾಗಿ ಎರಡು ದಿನ ಊಟ ಬಿಟ್ಟಿದ್ದಾಗಿ, ಚೇತರಿಸಿಕೊಳ್ಳಲು ಸಮಯ ಸಿಗಲಿಲ್ಲವೆಂದು ಪಂದ್ಯದ ನಂತರ ಅವರೇ ಹೇಳಿಕೊಂಡರು. ವೂ ಯೂ ಕೂಡ ವಿಶ್ವ ಚಾಂಪಿಯನ್ನೇ, ಅದನ್ನು ಮರೆಯಬಾರದು. ಆದರೆ ಅಂಥ ಎದುರಾಳಿಯ ಮುಂದೆ ಹಸಿದು ನಿಲ್ಲುವುದು ಎಲ್ಲಿಯ ನ್ಯಾಯ? ಒಂದು ವಾರದೊಳಗೆ ಕುಸ್ತಿಯಲ್ಲಿ ವಿನೇಶ್ ಫೋಗಟ್ ಅವರ ಕಥೆ. 53 ಕಿಲೋ ವರ್ಗದಿಂದ 50ಕ್ಕೆ ಇಳಿದು ಫೈನಲ್ ತಲುಪಿದ ಅವರು ರಾತ್ರಿಯಿಡೀ ಬೆವರಿಳಿಸಿ, ಕೂದಲನ್ನೂ ಕತ್ತರಿಸಿಕೊಂಡು, ಆಗಸ್ಟ್ 7ರ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ನಮ್ಮ ಸಂಘದ ಮನೆಮನೆಯಲ್ಲೂ ಆವತ್ತು ಅದೇ ಮಾತು. ಎಲ್ಲರೂ ಆ ನೂರು ಗ್ರಾಂ ಅನ್ನು ಬೈದೆವು. ಅದರ ಹಿಂದಿನ ಮೂರು ಕಿಲೋಗಳನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ನಮಗೆ ಎದುರಾದ ವಾದಗಳು. ಸಂಘದ ಗೆಳೆಯರೊಬ್ಬರು, "ಮೇರಿ ಕೋಮ್ ನಾಲ್ಕು ಗಂಟೆಯಲ್ಲಿ ಎರಡು ಕಿಲೋ ಇಳಿಸಿ ಚಿನ್ನ ಗೆದ್ದರಲ್ಲ?" ಎಂದರು. ಹೌದು, 2018ರಲ್ಲಿ ಪೋಲೆಂಡಿನಲ್ಲಿ ಒಂದು ಗಂಟೆ ಸ್ಕಿಪ್ಪಿಂಗ್ ಮಾಡಿ ಇಳಿಸಿದೆ ಎಂದು ಅವರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆಗ ಅವರು ಐದು ಬಾರಿ ವಿಶ್ವ ಚಾಂಪಿಯನ್. ತಮ್ಮ ಮೈಯನ್ನು ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಬಲ್ಲವರು. ಅದೇ ಮೇರಿ ಕೋಮ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ತಮಗಿಂತ ಮೇಲಿನ 51 ಕಿಲೋ ವರ್ಗಕ್ಕೆ ಏರಿ. ಅದನ್ನೇಕೆ ನಾವು ಮಕ್ಕಳಿಗೆ ಹೇಳುವುದಿಲ್ಲ? ಬೆಟ್ಟ ಹತ್ತಿದ ಒಬ್ಬರನ್ನು ನೋಡುತ್ತೇವೆ, ಜಾರಿ ಬಿದ್ದವರನ್ನು ಎಣಿಸುವುದಿಲ್ಲ.

ಎರಡನೆಯ ವಾದ: "ಎಲ್ಲರೂ ಮಾಡುತ್ತಾರೆ, ನಾವು ಮಾಡದಿದ್ದರೆ ನಮ್ಮ ಹುಡುಗ ತನಗಿಂತ ದೊಡ್ಡವನ ಕೈಗೆ ಸಿಗುತ್ತಾನೆ." ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಆರ್ತುರೊ ಗಾಟಿ ಮತ್ತು ಜೋಯಿ ಗಮಾಶ್ ಆಡಿದರು. ಹಿಂದಿನ ದಿನ ಇಬ್ಬರೂ 141ರ ಮಿತಿಯೊಳಗೆ ತೂಗಿದವರು. ಪಂದ್ಯದ ರಾತ್ರಿ ಟಿವಿಯವರ ಯಂತ್ರದಲ್ಲಿ ಗಾಟಿ 160, ಗಮಾಶ್ 145. ಎರಡನೆಯ ಸುತ್ತಿನಲ್ಲೇ ಗಮಾಶ್ ಕೆಳಗೆ ಬಿದ್ದರು. ಮೆದುಳಿಗೆ ಪೆಟ್ಟಾಯಿತು, ಮತ್ತೆಂದೂ ಆಡಲಿಲ್ಲ. ಅಂದರೆ ತೂಕ ಇಳಿಸಿ ಏರಿಸಿದವನು ಗೆಲ್ಲುವುದೂ ಉಂಟು. ಆದರೆ ಗಮನಿಸಿ: ವೃತ್ತಿಪರರಿಗೆ ತೂಕ ನೋಡುವುದು ಹಿಂದಿನ ದಿನ. ಚೇತರಿಸಿಕೊಳ್ಳಲು ಒಂದು ಹಗಲು, ಒಂದು ರಾತ್ರಿ ಸಿಗುತ್ತದೆ. ನಮ್ಮ ಮಕ್ಕಳ ಹವ್ಯಾಸಿ ಪಂದ್ಯಗಳಲ್ಲಿ ತೂಕವೂ ಅಂದೇ, ಪಂದ್ಯವೂ ಅಂದೇ. ದೊಡ್ಡವರ ಮೋಸವನ್ನು ಅವರ ಸಮಯವಿಲ್ಲದೆ ನಕಲು ಮಾಡುವುದು ದಡ್ಡತನ. ಆಸ್ಟ್ರೇಲಿಯದ ಸಂಶೋಧಕರು ಹವ್ಯಾಸಿ ಬಾಕ್ಸಿಂಗ್ ಪಂದ್ಯಾವಳಿಯೊಂದನ್ನು ಅಧ್ಯಯನ ಮಾಡಿದಾಗ, ತೂಕ ನೋಡಿದ ಮೇಲೆ ಹೆಚ್ಚು ತೂಕ ಏರಿಸಿಕೊಂಡವರಿಗೂ ಗೆದ್ದವರಿಗೂ ಸಂಬಂಧವೇ ಕಾಣಲಿಲ್ಲ. ಜೂಡೋದಲ್ಲಿ ಅಂಥ ಸಂಬಂಧ ಕಂಡಿತ್ತು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹಿಡಿದು ಕೆಡಹುವ ಆಟಕ್ಕೂ ಗುದ್ದಿ ಸರಿಯುವ ಆಟಕ್ಕೂ ಅಷ್ಟು ಅಂತರ.

ಮೂರನೆಯ ವಾದ ನಮ್ಮದೇ ಆಗಿತ್ತು, ಅದಕ್ಕೇ ಅದರ ಮೇಲೆ ನಮಗೆ ಹೆಚ್ಚು ಕೋಪ. "ಇದು ಶಿಸ್ತು, ಇದು ನಮ್ಮ ಸಂಸ್ಕೃತಿ, ಉಪವಾಸ ನಮಗೆ ಹೊಸದೇ?" ಏಕಾದಶಿಯ ದಿನ ಉಪವಾಸ ಮಾಡಿದ ಅಜ್ಜಿ ಮನೆಯಲ್ಲಿ ಕುಳಿತು ಜಪ ಮಾಡುತ್ತಿದ್ದರೇ ಹೊರತು ಮಧ್ಯಾಹ್ನ ಹೋಗಿ ಯಾರಿಂದಲೂ ಗುದ್ದಿಸಿಕೊಳ್ಳುತ್ತಿರಲಿಲ್ಲ. ಮರುದಿನ ದ್ವಾದಶಿ ಪಾರಣೆಗೆ ಬೆಳಗಾಗುವುದರೊಳಗೆ ಅಡುಗೆಯಾಗುತ್ತಿತ್ತು. ಊಟ ಬಿಡುವುದೆಲ್ಲ ತಪಸ್ಸಲ್ಲ. ಹೋಳಿಗೆ ಬೇಡ ಎಂದ ನಮ್ಮ ಮಗನಲ್ಲಿ ನಾವು ಸಂಸ್ಕಾರ ಕಂಡೆವು. ಒಣಗಿದ ತುಟಿ ಕಾಣಲಿಲ್ಲ. ಪರದೇಶದಲ್ಲಿ ಮಕ್ಕಳು ಕೈಬಿಟ್ಟು ಹೋಗುತ್ತಾರೆಂಬ ಹೆದರಿಕೆಯಲ್ಲಿ ಬದುಕುವ ನಮಗೆ, 'ಶಿಸ್ತು' ಎಂಬ ಒಂದು ಮಾತು ಕೇಳಿದರೆ ಕಣ್ಣು ಮುಚ್ಚಿಹೋಗುತ್ತದೆ.

ಮಕ್ಕಳು ಸಾಯುವವರೆಗೆ ಯಾರೂ ಎಚ್ಚರಗೊಳ್ಳುವುದಿಲ್ಲ ಎಂಬುದಕ್ಕೆ ಈ ದೇಶವೇ ಸಾಕ್ಷಿ. 1997ರ ನವೆಂಬರ್ 7ರಿಂದ ಡಿಸೆಂಬರ್ 9ರೊಳಗೆ ಉತ್ತರ ಕೆರೊಲಿನಾ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುತ್ತಲೇ ಸತ್ತರು. 19ರಿಂದ 22 ವರ್ಷದ ಹುಡುಗರು. ಮೂವರೂ ಗಾಳಿಯಾಡದ ಉಡುಪು ತೊಟ್ಟು, ಬಿಸಿ ಜಾಗದಲ್ಲಿ ವ್ಯಾಯಾಮ ಮಾಡಿದ್ದರು. ಅದಾದ ಮೇಲೆ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪು, ಸೌನಾಗಳನ್ನು ನಿಷೇಧಿಸಿದರು. ತೂಕ ನೋಡುವ ಹೊತ್ತನ್ನು ಪಂದ್ಯದ ಹತ್ತಿರಕ್ಕೆ ತಂದರು. 2006-07ರ ಹೊತ್ತಿಗೆ ಹೈಸ್ಕೂಲು ಕುಸ್ತಿಗೂ ನಿಯಮ ಬಂತು: ಋತುವಿನ ಮೊದಲೇ ಮೂತ್ರ ಪರೀಕ್ಷೆ ಮಾಡಿ ಮೈಯಲ್ಲಿ ನೀರು ಸಾಕಷ್ಟಿದೆಯೇ ನೋಡುವುದು, ಕೊಬ್ಬಿನ ಪ್ರಮಾಣ ಹುಡುಗರಿಗೆ ಶೇಕಡ 7, ಹುಡುಗಿಯರಿಗೆ ಶೇಕಡ 12ಕ್ಕಿಂತ ಕೆಳಗೆ ಹೋಗದಂತೆ ಕನಿಷ್ಠ ತೂಕ ಗೊತ್ತುಮಾಡುವುದು, ವಾರಕ್ಕೆ ಶೇಕಡ 1.5ಕ್ಕಿಂತ ಹೆಚ್ಚು ಇಳಿಸಕೂಡದು ಎಂಬುದು. ನಮ್ಮ ಮಗ ಹೋಗುತ್ತಿದ್ದ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಇದರಲ್ಲಿ ಒಂದೂ ನಡೆಯಲಿಲ್ಲ. ಕುಸ್ತಿಯ ಹುಡುಗನಿಗೆ ವಾರಕ್ಕೆ ಸುಮಾರು ಎರಡು ಪೌಂಡಿನ ಮಿತಿ. ತಲೆಗೆ ಗುದ್ದು ತಿನ್ನುವ ಹುಡುಗನಿಗೆ ಹತ್ತು ದಿನದಲ್ಲಿ ಹನ್ನೆರಡು ಪೌಂಡ್! ಇದನ್ನು ಕೇಳುವವರಿಲ್ಲವೇ? ಕೇಳಬೇಕಾದವರು ನಾವೇ ಆಗಿದ್ದೆವು. ಶುಲ್ಕದ ಚೆಕ್ಕು ಬರೆಯುವಾಗ ಒಂದು ಪ್ರಶ್ನೆ ಕೇಳಲು ನಮಗೆ ಬಾಯಿ ಬರಲಿಲ್ಲ.

ನಮ್ಮ ದಸರಾ ಕುಸ್ತಿಯಲ್ಲಿ ಹಿರಿಯ ಪೈಲ್ವಾನರು ಕುಳಿತು ಜೋಡಿ ಕಟ್ಟುತ್ತಾರೆ. ಮೈಕಟ್ಟು, ಅನುಭವ ನೋಡಿ, ಇವನಿಗೆ ಇವನು ಸರಿ ಎಂದು ಗೊತ್ತುಮಾಡುತ್ತಾರೆ. ಅದರಲ್ಲೂ ತಪ್ಪುಗಳಿರಬಹುದು. ಆದರೆ ಮನುಷ್ಯನ ಕಣ್ಣು ಹುಡುಗನನ್ನು ನೋಡುತ್ತದೆ; ಯಂತ್ರ ಸಂಖ್ಯೆಯನ್ನಷ್ಟೇ ನೋಡುತ್ತದೆ. ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಯಂತ್ರದ ಪಕ್ಕದಲ್ಲಿ ಒಬ್ಬ ಮನುಷ್ಯ ಇರಲಿ ಎನ್ನುತ್ತಿದ್ದೇವೆ.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು. ಮಕ್ಕಳನ್ನು ಬಾಕ್ಸಿಂಗ್, ಕುಸ್ತಿ, ಜೂಡೋಗಳಿಗೆ ಕಳಿಸುವ ತಂದೆತಾಯಿಯರು ಮೊದಲ ದಿನವೇ ಕೋಚ್ ಅವರನ್ನು ಕೇಳಲಿ: "ನಮ್ಮ ಮಗುವನ್ನು ಯಾವ ವರ್ಗದಲ್ಲಿ ಆಡಿಸುತ್ತೀರಿ, ಯಾಕೆ?" ಸಹಜ ತೂಕದ ವರ್ಗ ಎಂಬ ಉತ್ತರ ಬರದಿದ್ದರೆ ಬೇರೆ ಕ್ಲಬ್ ಹುಡುಕಲಿ. ಪಂದ್ಯದ ವಾರದಲ್ಲಿ ಮಗು ನೀರು ಬಿಟ್ಟರೆ, ಉಗುಳುವ ಲೋಟ ಹಿಡಿದರೆ, ಪ್ಲಾಸ್ಟಿಕ್ ಕೋಟು ತೊಟ್ಟರೆ, ಆ ಪಂದ್ಯ ಅಲ್ಲಿಗೆ ಮುಗಿಯಿತೆಂದು ತಿಳಿದು ಮನೆಯಲ್ಲೇ ನಿಲ್ಲಿಸಲಿ. ಒಂದು ಪಂದ್ಯ ತಪ್ಪಿದರೆ ಲೋಕ ಮುಳುಗುವುದಿಲ್ಲ. ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಮನವಿ: ನಮ್ಮಲ್ಲಿ ಇಷ್ಟು ಮಂದಿ ವೈದ್ಯರಿದ್ದಾರೆ; ರಾಜ್ಯೋತ್ಸವಕ್ಕೆ ಮುಂಚೆ ಒಂದು ಶನಿವಾರ ಆಟವಾಡುವ ಮಕ್ಕಳನ್ನೂ ಹೆತ್ತವರನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಲಿ. ಸಭಾಂಗಣದ ಬಾಡಿಗೆ ನಾವು ಕೊಡುತ್ತೇವೆ. ಮಕ್ಕಳ ನಾಟಕಕ್ಕೆ ತೋರಿಸುವ ಉತ್ಸಾಹದಲ್ಲಿ ಕಾಲುಭಾಗ ಇದಕ್ಕೆ ಇದ್ದರೆ ಸಾಕು.

ಇನ್ನು ಹಿರಿಯರಲ್ಲಿ ಒಂದು ಪ್ರಾರ್ಥನೆ. ಊಟ ಬಿಟ್ಟು ಕುಳಿತ ಮಗುವನ್ನು ಕಂಡರೆ ಹೊಗಳಬೇಡಿ. "ಯಾಕಪ್ಪಾ, ಮೈ ಸರಿಯಿಲ್ಲವೇ?" ಎಂದು ಕೇಳಿ. ಆ ಒಂದು ಪ್ರಶ್ನೆಯನ್ನು ಅಂದು ಯಾರಾದರೂ ಕೇಳಿದ್ದರೆ ನಾವು ಎಚ್ಚರಗೊಳ್ಳುತ್ತಿದ್ದೆವೋ ಏನೋ. ನಾವೇ ಕೇಳದಿದ್ದ ಮೇಲೆ ಬೇರೆಯವರನ್ನು ದೂರುವ ಮುಖ ನಮಗಿಲ್ಲ.

ಮಗ ಬಾಕ್ಸಿಂಗ್ ಬಿಟ್ಟನೇ ಎಂದು ಕೆಲವರು ಕೇಳಿದ್ದಾರೆ. ಬಿಟ್ಟಿಲ್ಲ. ಬಿಡು ಎಂದು ಒಬ್ಬರು, ಬೇಡ ಎಂದು ಇನ್ನೊಬ್ಬರು, ನಮ್ಮ ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೊನೆಗೆ ಅವನೇ ಬೇರೆ ಕ್ಲಬ್ ಹುಡುಕಿಕೊಂಡ. ಈಗ ತನ್ನ ಸಹಜ ತೂಕದಲ್ಲಿ ಎರಡು ಪಂದ್ಯ ಆಡಿದ್ದಾನೆ. ಒಂದು ಗೆದ್ದ, ಒಂದು ಸೋತ. ಸೋತ ಪಂದ್ಯದಲ್ಲಿ ಎದುರಾಳಿ ನಿಜಕ್ಕೂ ಚೆನ್ನಾಗಿ ಆಡಿದ, ಮೂರನೆಯ ಸುತ್ತಿನ ಕೊನೆಯವರೆಗೂ ನಮ್ಮವನ ಕೈ ಮುಖದ ಮುಂದೆಯೇ ಇತ್ತು. ಅಂಥ ಸೋಲು ನಮಗೆ ಒಪ್ಪಿಗೆ. ಪಂದ್ಯದ ಹಿಂದಿನ ರಾತ್ರಿ ಅವನ ಊಟದ ತಟ್ಟೆಯಲ್ಲಿ ಅನ್ನ, ಹುಳಿ, ಮೊಸರು ಇತ್ತು ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆವು. "ಈಗ ಬಂತಾ ಬುದ್ಧಿ?" ಎಂದರು.

ನಮ್ಮ ಮಾತು ಖಾರವಾಗಿದ್ದರೆ ಕ್ಷಮಿಸಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಉತ್ತರ ಕೊಡುತ್ತೇವೆ. ಗಣೇಶನ ಹಬ್ಬದ ಊಟಕ್ಕೆ ಎಲ್ಲರೂ ಬನ್ನಿ. ಆಟವಾಡುವ ಮಕ್ಕಳನ್ನು ಮೊದಲ ಪಂಕ್ತಿಯಲ್ಲೇ ಕೂರಿಸೋಣ.

ಇತಿ ನಿಮ್ಮವರೇ ಆದ,
ಸಂಘದ ಸದಸ್ಯ ದಂಪತಿಗಳು